ಕಾಕಾನನ್ನು ಹುಡುಕಿದ ಬಗೆ

ಬೋರ್ಡು ಕಂಡಲ್ಲಿ ಕೈಮುಗಿಯುವ ಸ್ವಭಾವ ನನ್ನದು. ಎಲ್ಲ ಬೋರ್ಡಿಗೂ ಅಲ್ಲ, 'ವಿಚಾರಣೆ' ಎಂದು ಬರೆದ ಬೋರ್ಡಿಗೆ ಮಾತ್ರ. ಅದರ ಕೆಳಗೊಂದು ಕಿಟಕಿ, ಕಿಟಕಿಯ ಹಿಂದೆ ಹುಬ್ಬು ಗಂಟಿಕ್ಕಿಕೊಂಡ ಒಬ್ಬ ಮನುಷ್ಯ ಇದ್ದರೆ, ಜಗತ್ತು ಸರಿಯಾಗಿಯೇ ನಡೆಯುತ್ತಿದೆ ಎಂದು ನನಗೆ ನೆಮ್ಮದಿ. ಗುಲಬರ್ಗಾದ ಬಸ್ ಸ್ಟ್ಯಾಂಡಿನಲ್ಲಿ ಜೇವರ್ಗಿ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಲು ನಾನು ಆ ಕಿಟಕಿಯ ಮುಂದೆ ಸರದಿಯಲ್ಲಿ ನಿಂತಿರುತ್ತೇನೆ. ಅಷ್ಟರಲ್ಲಿ ನನ್ನ ಹೆಂಡತಿ ಶೇಂಗಾ ಮಾರುವವಳನ್ನು ಕೇಳಿ, ಬಸ್ಸು ಹತ್ತಿ, ಸೀಟಿಗೆ ಟವೆಲ್ ಹಾಕಿ, ನನ್ನನ್ನು ಕರೆಯಲು ಇಳಿದು ಬಂದಿರುತ್ತಾಳೆ. "ಮಂದೀನ್ನ ಕೇಳಾಕ ನಿಮಗೇನ್ ನಾಚ್ಕಿರೀ?" ಎನ್ನುತ್ತಾಳೆ. ನಾಚಿಕೆಯಲ್ಲ, ಅಪನಂಬಿಕೆ. ಶೇಂಗಾ ಮಾರುವವಳು ತಪ್ಪು ಹೇಳಿದರೆ ನಾನು ಯಾರ ಮೇಲೆ ಅರ್ಜಿ ಬರೆಯಲಿ? ಕಿಟಕಿಯವನು ತಪ್ಪು ಹೇಳಿದಾಗಲೂ ನಾನು ಅರ್ಜಿ ಬರೆದವನಲ್ಲ ಎನ್ನುವುದು ಬೇರೆ ಮಾತು.

ಮೊನ್ನೆ ನಾನು ಪಾಠ ಹೇಳುವ ಹೈಸ್ಕೂಲಿನ ವಿಜ್ಞಾನದ ಮಾಸ್ತರರು ನನ್ನನ್ನು ಗುಲಬರ್ಗಾದಲ್ಲಿ ಹೊಸದಾಗಿ ತೆರೆದ ಕಂಪ್ಯೂಟರ್ ಅಂಗಡಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಇಂಟರ್ನೆಟ್ ಎಂಬುದು ಬಂದಿದೆಯಂತೆ. ಬೇಕಾದ ಹೆಸರು ಒತ್ತಿದರೆ ಎಲ್ಲೋ ದೂರದಲ್ಲಿರುವ ದೊಡ್ಡ ಯಂತ್ರವೊಂದು ಇಡೀ ಪ್ರಪಂಚವನ್ನು ಹುಡುಕಿ ಹೇಳುತ್ತದಂತೆ. ನನ್ನ ಕನಸಿನ ಕಿಟಕಿ! ನಮ್ಮ ಊರಿನ ಹೆಸರು ಒತ್ತಿರಿ ಎಂದೆ. ಅವರು ಇಂಗ್ಲಿಷಿನಲ್ಲಿ ಆಳಂದ ಎಂದು ಒತ್ತಿದರು. ಬಹಳ ಹೊತ್ತು ಯೋಚನೆ ಮಾಡಿದ ಮೇಲೆ ಪರದೆಯ ಮೇಲೆ ಅವೇ ಅಕ್ಷರಗಳ ಹೆಸರಿನ, ಉತ್ತರದ ಯಾವುದೋ ಚಳಿ ಸಮುದ್ರದ ದ್ವೀಪಗಳು, ಹಡಗುಗಳು, ಕೆಂಪು ಮಾಡಿನ ಮನೆಗಳು ಬಂದವು. ನಮ್ಮ ಆಳಂದಕ್ಕೆ ಹಡಗಿನ ಮಾತಿರಲಿ, ಬಸ್ಸೇ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. "ಇದು ನಮ್ಮ ಊರಲ್ರಿ, ಬ್ಯಾರೇ ಯಾರನ್ನರೆ ಕೇಳೂನು" ಎಂದೆ. "ಇದಕ್ಕಿಂತ ಬ್ಯಾರೇ ಯಾರದಾರ್ರಿ? ಇದು ಇಲ್ಲಂದ್ರ ಇಲ್ಲ" ಎಂದರು ಮಾಸ್ತರರು. ನನಗೆ ತಟ್ಟನೆ ನಮ್ಮ ಕಾಕಿಯ ನೆನಪಾಯಿತು. ಹುಡುಕುವುದರಲ್ಲಿ ಕಿಟಕಿಯೇ ಇಲ್ಲದ ಇನ್ನೊಂದು ಬಗೆ ಇದೆ ಎಂದು ನನಗೆ ತೋರಿಸಿದವಳು ಅವಳು. ತೋರಿಸಿದ ರೀತಿ ಮಾತ್ರ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಕಾಕಾ ಎಂದರೆ ನನ್ನ ಅಪ್ಪನ ತಮ್ಮ ಗುರುಪಾದಪ್ಪ. ಅಪ್ಪ ಹೋದ ಮೇಲೆ ನಮ್ಮನ್ನು ಸಾಕಿದವರು ಅವರೇ. ಮಕ್ಕಳಿಲ್ಲದ ಕಾಕಾ, ಕಾಕಿ, ನಾನು, ನನ್ನ ಹೆಂಡತಿ ಒಂದೇ ಮನೆಯಲ್ಲಿದ್ದೆವು. ಕಾಕಾ ಎತ್ತಿನ ದಲ್ಲಾಳಿ. ಆಳಂದ, ಅಫಜಲಪುರ, ಜೇವರ್ಗಿಯ ದನದ ಸಂತೆಗಳಲ್ಲಿ ಟವೆಲಿನ ಕೆಳಗೆ ಕೈಹಾಕಿ ಬೆರಳು ಹಿಚುಕಿ ಗುಟ್ಟಾಗಿ ಬೆಲೆ ತಿಳಿಸಿ ವ್ಯವಹಾರ ಕುದುರಿಸುತ್ತಿದ್ದರು. ಯಾವ ಊರಿಗೆ ಹೋದರೂ ಅವರ ಕೈಯಿಂದ ಎತ್ತು ಕೊಂಡ ಮನೆಯೊಂದು ಇದ್ದೇ ಇರುತ್ತಿತ್ತು. ವಯಸ್ಸಾಗುತ್ತ ಬಂದ ಹಾಗೆ ಅವರ ನೆನಪು ಸೋರತೊಡಗಿತು. ಮೊದಲು ಮನುಷ್ಯರ ಹೆಸರು ಹೋದವು, ಆಮೇಲೆ ಮನುಷ್ಯರೇ ಹೋದರು. ಎತ್ತುಗಳ ನೆನಪು ಮಾತ್ರ ಉಳಿಯಿತು. ನನ್ನನ್ನು ನೋಡಿ "ಯಾರ್ರಿ ನೀವು?" ಎನ್ನುತ್ತಿದ್ದವರು, ನಾನು ಹುಟ್ಟುವ ಮೊದಲೇ ಮಾರಿದ ಎತ್ತಿನ ಕೋಡು ಯಾವ ಕಡೆ ಬಾಗಿತ್ತೆಂದು ಹೇಳುತ್ತಿದ್ದರು. ಒಂದು ಬೆಳಗ್ಗೆ ಎಲೆ ಅಡಿಕೆ ತರುತ್ತೇನೆಂದು ಹೋದ ಕಾಕಾ, ಎದುರಿಗೆ ನಿಂತಿದ್ದ ಬಸ್ಸು ಹತ್ತಿಬಿಟ್ಟರು.

ಊಟದ ಹೊತ್ತಿಗೆ ಬರುತ್ತಾರೆಂದು ಕಾದೆವು, ಬರಲಿಲ್ಲ. ಮರುದಿನ ನಾನು ನನ್ನ ಪದ್ಧತಿಯಂತೆ ಬೋರ್ಡು ಇರುವ ಕಡೆ ಹೊರಟೆ. ಮೊದಲು ಠಾಣೆ. ಅಲ್ಲಿ ಬರೆದುಕೊಂಡವರು, ಸಿಕ್ಕರೆ ತಾವೇ ಹೇಳಿ ಕಳಿಸುತ್ತೇವೆ, ನೀವು ಅಲ್ಲಿ ಇಲ್ಲಿ ಕೇಳಿ ಗೊಂದಲ ಮಾಡಬೇಡಿ ಎಂದರು. ನನಗದು ಬಹಳ ಸರಿ ಎನ್ನಿಸಿತು. ಕೆಲವು ದಿನಗಳಾದ ಮೇಲೆ ಹೇಳಿಯೂ ಕಳಿಸಿದರು. ಗಾಣಗಾಪುರದ ಕಡೆ ಹೊಳೆಯ ದಂಡೆಯಲ್ಲಿ ಒಬ್ಬ ಮುದುಕರ ಹೆಣ ಸಿಕ್ಕಿತ್ತು. ಠಾಣೆಯ ಜಮಾದಾರರು ಬಟ್ಟೆ ಸರಿಸಿ, "ಬರಾಬರ್ ನೋಡ್ರಿ ಮಾಸ್ತರ. ವಯಸ್ಸು ಕೂಡ್ತದ, ಧೋತರ ಕೂಡ್ತದ" ಎಂದರು. "ಮುಖ ಕೂಡೂದಿಲ್ರಿ" ಎಂದೆ. "ನೀರಾಗ ಬಿದ್ದ ಮುಖ ಯಾರಿಗ್ ಕೂಡ್ತದ್ರಿ? ನೀವು ಹೂಂ ಅಂದ್ರ ನಿಮ್ಮದೂ ಮುಗೀತದ, ನಮ್ಮದೂ ಮುಗೀತದ" ಎಂದರು. ಅವರ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ, ಬರೀ ದಣಿವಿತ್ತು. ನಾನು ಇಲ್ಲ ಎಂದು ಹೊರಗೆ ಬಂದು ಬೇವಿನ ಮರದ ಕೆಳಗೆ ಕುಳಿತೆ. ಆ ಮುದುಕರೂ ಯಾರ ಕಾಕಾನೋ, ಅವರನ್ನು ಹುಡುಕುವವರು ಯಾವ ಕಿಟಕಿಯ ಮುಂದೆ ನಿಂತಿದ್ದರೋ ಎಂದು ಸಂಕಟವಾಯಿತು. ಮನೆಗೆ ಬಂದು ಹೇಳಿದಾಗ ಕಾಕಿ, "ಒಬ್ಬರ್ನೇ ಕೇಳಿದ್ರ ಹಿಂಗೇ ನೋಡ್ ತಮ್ಮಾ. ಅವ್ರು ಹೊಳ್ಯಾಗಿನ ಹೆಣಾನೇ ನಿನ್ನ ಗಂಡ ಅಂದ್ರ, ಅಲ್ಲ ಅಂತ ಹೇಳಾಕ ನಾ ಮತ್ತ ಯಾರ್ ಹತ್ರ ಹೋಗ್ಲಿ?" ಎಂದಳು.

ಆದರೂ ನನಗೆ ಬುದ್ಧಿ ಬರಲಿಲ್ಲ. ಗುಲಬರ್ಗಾದ ಪತ್ರಿಕೆಯೊಂದರಲ್ಲಿ 'ಕಾಣೆಯಾಗಿದ್ದಾರೆ' ಎಂದು ಹಾಕಿಸಿದೆ. ಸಾಧಾರಣ ಎತ್ತರ, ಗೋಧಿ ಬಣ್ಣ, ಬಿಳಿ ಧೋತರ, ತಲೆಗೆ ಟೊಪ್ಪಿಗೆ ಎಂದು ವರ್ಣನೆ ಕೊಟ್ಟೆ. ಅಚ್ಚಾಗಿ ಬಂದ ಮೇಲೆ ಓದಿದರೆ, ಮೂರು ತಾಲೂಕಿನ ಮುದುಕರೆಲ್ಲ ಒಟ್ಟಿಗೆ ಕಾಣೆಯಾದ ಹಾಗಿತ್ತು. ಕಾಕಾನ ಫೋಟೋ ಮನೆಯಲ್ಲಿದ್ದದ್ದು ಒಂದೇ, ಬಹುಮಾನ ಪಡೆದ ಎತ್ತಿನ ಪಕ್ಕ ನಿಂತು ತೆಗೆಸಿಕೊಂಡದ್ದು. ಪತ್ರಿಕೆಯಲ್ಲಿ ಎತ್ತು ಚೆನ್ನಾಗಿ ಮೂಡಿತ್ತು. ಕಾಕಾನ ಜಾಗದಲ್ಲಿ ಟೊಪ್ಪಿಗೆ ಹಾಕಿಕೊಂಡ ಮಸಿ ಕಾಣುತ್ತಿತ್ತು. ಚೌಡಾಪುರದ ಕಡೆಯವರೊಬ್ಬರು ಮನೆಗೇ ಬಂದು, ಎತ್ತು ಸಿಕ್ಕಿತೇ ಎಂದು ಬಹಳ ಕಾಳಜಿಯಿಂದ ವಿಚಾರಿಸಿಕೊಂಡು ಹೋದರು.

ಕಾಕಿಯ ಒತ್ತಾಯಕ್ಕೆ ಕೊನೆಗೆ ನಾನೇ ರಜೆ ಹಾಕಿ ಊರೂರು ತಿರುಗಲು ಹೊರಟೆ. ಆಶ್ಚರ್ಯವೆಂದರೆ, ಕಾಕಾನನ್ನು ಕಾಣದ ಊರೇ ಇರಲಿಲ್ಲ. ಕಡಗಂಚಿಯಲ್ಲಿ ಹಳೆಯ ಗಿರಾಕಿಯೊಬ್ಬರು, "ಬಂದಿದ್ರಲ್ರಿ! ರೊಟ್ಟಿ, ಪುಂಡಿಪಲ್ಯ ಉಂಡ್ರು. ಅಫಜಲಪುರಕ್ಕ ಹೋಗ್ಬೇಕಂದ್ರು, ನಾನೇ ಬಸ್ಸು ಹತ್ತಿಸಿ ಬಂದೆ" ಎಂದರು. ಅಫಜಲಪುರದಲ್ಲಿ ಕೇಳಿದರೆ ಜೇವರ್ಗಿಗೆ ಹತ್ತಿಸಿದ್ದರು. ಜೇವರ್ಗಿಯಲ್ಲಿ ಕೇಳಿದರೆ ಗಾಣಗಾಪುರದ ಬಸ್ಸಿಗೆ ಕೂರಿಸಿ, ದಾರಿಗೆ ಇರಲಿ ಎಂದು ಚುರಮುರಿಯ ಸುಸಲಾ ಕಟ್ಟಿಕೊಟ್ಟಿದ್ದರು. ಆ ಮನೆಯ ಯಜಮಾನರ ಮೇಲೆ ನನಗೆ ಸಿಟ್ಟು ಬಂತು. "ಅವರಿಗೆ ನೆನಪಿಲ್ಲ ಅಂತ ನಿಮಗ ತಿಳೀಲಿಲ್ಲೇನ್ರಿ?" ಎಂದೆ. "ತಿಳೀತ್ರಿ. ಉಣ್ಣೂ ಮುಂದ ಎರಡ್ ಮೂರ್ ಸಲ ನನ್ನ ಹೆಸರು ಕೇಳಿದ್ರು. ಆದ್ರ ಅಂಥಾ ಹಿರೇರಿಗೆ, ನೀವು ದಾರಿ ತಪ್ಪೀರಿ ಅಂತ ಹೆಂಗನ್ನೂದ್ರಿ? ಎಷ್ಟ್ ಕೆಟ್ಟ ಅನಸ್ತದ ಅವ್ರಿಗೆ!" ಎಂದರು. ನಮ್ಮ ಕಡೆ ಮನೆಗೆ ಬಂದ ಹಿರಿಯರನ್ನು ಯಾಕೆ ಬಂದಿರಿ ಎಂದು ಕೇಳುವುದಿಲ್ಲ. ಉಣ್ಣಿಸುತ್ತಾರೆ, ಅವರು ಹೇಳಿದ ಬಸ್ಸಿಗೆ ಹತ್ತಿಸುತ್ತಾರೆ. ಈ ಮರ್ಯಾದೆಯ ದೆಸೆಯಿಂದ ನಮ್ಮ ಕಾಕಾ ಮೂರು ತಾಲೂಕಿನಲ್ಲಿ ಕೈಯಿಂದ ಕೈಗೆ ಸಾಗುತ್ತಲೇ ಇದ್ದರು. ನನ್ನನ್ನಾದರೂ ಬಿಟ್ಟರೇ? ಉಣ್ಣದೆ ಹೋದರೆ ಅವರಿಗೆ ಬೇಸರ. ಕಾಕಾ ಉಂಡ ಮನೆಗಳಲ್ಲೆಲ್ಲ ನಾನೂ ಉಣ್ಣುತ್ತ ಹೋದೆ. ಹಾಗಾಗಿ ನಮ್ಮಿಬ್ಬರ ನಡುವೆ ಯಾವಾಗಲೂ ಒಂದು ಊಟದ ಅಂತರ ಉಳಿದೇ ಇತ್ತು. ಕಾಕಾ ಬೇಗ ಉಣ್ಣುವವರು.

ಗಾಣಗಾಪುರದಲ್ಲಿ ಯಾತ್ರಿಕರ ನಡುವೆ ಅವರ ಜಾಡು ತಪ್ಪಿ, ಸೋತು ಮನೆಗೆ ಬಂದೆ. ಬಂದು ನೋಡಿದರೆ ಜೇವರ್ಗಿ ಕಡೆಯ ಇಬ್ಬರು ಪತ್ರಿಕೆಯ ತುಂಡು ಹಿಡಿದು ಒಬ್ಬ ಮುದುಕರನ್ನು ಕರೆತಂದಿದ್ದರು. ಸಾಧಾರಣ ಎತ್ತರ, ಗೋಧಿ ಬಣ್ಣ, ಬಿಳಿ ಧೋತರ, ಟೊಪ್ಪಿಗೆ, ಎಲ್ಲ ಸರಿಯಾಗಿತ್ತು, ಕಾಕಾ ಮಾತ್ರ ಆಗಿರಲಿಲ್ಲ. ಕರೆತಂದವರು ಪುಣ್ಯದ ಕೆಲಸ ಮಾಡಿದ ಸಮಾಧಾನದಲ್ಲಿ ಚಾ ಕುಡಿದು ಹೋಗಿಬಿಟ್ಟರು. ಕಾಕಿ ಆ ಮುದುಕರಿಗೆ ಬಿಸಿ ರೊಟ್ಟಿ ಬಡಿಸಿದಳು. ಅವರು ತೃಪ್ತಿಯಾಗಿ ಉಂಡು, ಅಫಜಲಪುರದಲ್ಲಿ ಮಗಳ ಮನೆ ಇದೆ, ಹೋಗಬೇಕು ಎಂದರು. ನಾನು ಬಸ್ ಸ್ಟ್ಯಾಂಡಿಗೆ ಕರೆದೊಯ್ದು, ಹತ್ತಿಸಿ, ಕಂಡಕ್ಟರಿಗೆ ಹೇಳಿ ಬಂದೆ.

"ಹತ್ತಿಸಿ ಬಂದ್ಯಾ?" ಎಂದಳು ಕಾಕಿ.

"ಹೂಂ."

"ಮಗಳ ಹೆಸರೇನು?"

ಕೇಳಿರಲಿಲ್ಲ. ಕೇಳಬೇಕು ಎಂದು ಹೊಳೆದೇ ಇರಲಿಲ್ಲ. ಮಗಳು ಎಂಬುವಳು ನಿಜವಾಗಿ ಇದ್ದಳೋ ಇಲ್ಲವೋ ದೇವರಿಗೇ ಗೊತ್ತು. "ನಾವೂ ಮಂದಿ ಮಾಡಿದ್ದೇ ಮಾಡಿದ್ವಿ" ಎಂದು ಕಾಕಿ ನಿಧಾನವಾಗಿ ಹೇಳಿದಳು. "ಕಳದಾರ ಅಂತ ಹೇಳಿದ್ರ ಯಾರಿಗೂ ಅವಸರಿಲ್ಲ ತಮ್ಮಾ. ಬಂದಿದ್ರು, ಹ್ವಾದ್ರು ಅಂತಾರ. ಸತ್ತಾರ ಅಂತ ಹೇಳು."

ನನ್ನ ಕಿವಿಯನ್ನೇ ನನಗೆ ನಂಬಲಾಗಲಿಲ್ಲ.

"ಸತ್ತಾರ ಅಂದ್ರ ಒಬ್ಬರೂ ಮನ್ಯಾಗ ಕೂಡೂದಿಲ್ಲ. ಎಲ್ಲಾರೂ ಎದ್ದು ಇಲ್ಲಿಗೇ ಬರ್ತಾರ. ಯಾರ ಮನ್ಯಾಗ ಅವ್ರು ಉಣ್ಣಾಕತ್ತಾರಲ್ಲ, ಅವ್ರು ಸುಮ್ಮ ಬಸ್ಸು ಹತ್ತಿಸ್ತಾರೇನು? ಕರ್ಕೊಂಡೇ ಬರ್ತಾರ."

"ಕಾಕಿ, ಇಂಥಾ ಸುಳ್ಳು ಒಮ್ಮಿ ಹೇಳಿದ್ರ ಹಿಂದಕ್ಕ ತಗೊಳ್ಳಾಕ ಬರೂದಿಲ್ಲ."

"ಯಾಕ ತಗೋಬೇಕು? ಇವತ್ತಿಲ್ಲ ನಾಳಿ ಖರೇ ಆಗೂದೇ ಅದ" ಎಂದಳು. ಹೊಳೆಯ ದಂಡೆಯ ಮೇಲಿನ ಆ ಬಟ್ಟೆ ಅವಳ ಕಣ್ಣ ಮುಂದೆಯೂ ಇತ್ತೆಂದು ನನಗೆ ಆಗ ಅರ್ಥವಾಯಿತು. ಹೆಸರಿಲ್ಲದ ಹೆಣವಾಗುವುದಕ್ಕಿಂತ ಹೆಸರಿರುವ ಸುಳ್ಳು ಸಾವು ವಾಸಿ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಮರುದಿನ ಬೆಳಗ್ಗೆ ಅವಳು ಹಾಲಿನವಳಿಗೊಂದು ಮಾತು, ಕ್ಷೌರ ಮಾಡುವ ಹಡಪದವನಿಗೊಂದು ಮಾತು, ಮೊದಲ ಬಸ್ಸಿನ ಕಂಡಕ್ಟರಿಗೊಂದು ಮಾತು ಹೇಳಿದಳು. ಅಷ್ಟೇ. ನಮ್ಮ ಕಡೆ ಸಾವಿನ ಸುದ್ದಿಗೆ ಒಂದು ಕಟ್ಟಳೆ ಇದೆ. ಕೇಳಿದವನು ಅದನ್ನು ತನ್ನಲ್ಲೇ ಇಟ್ಟುಕೊಂಡು ಉಣ್ಣುವ ಹಾಗಿಲ್ಲ, ಮುಂದಿನವನಿಗೆ ಹೇಳಿಯೇ ತುತ್ತು ಎತ್ತಬೇಕು. ಅದನ್ನು ನಡೆಸುವ ಆಫೀಸಿಲ್ಲ, ಸಾಹೇಬನಿಲ್ಲ, ಬೋರ್ಡಿಲ್ಲ. ಯಾರಿಗೂ ಎಲ್ಲ ಊರು ಗೊತ್ತಿರುವುದಿಲ್ಲ. ಪ್ರತಿಯೊಬ್ಬನಿಗೂ ತನ್ನ ಪಕ್ಕದವನು ಗೊತ್ತಿರುತ್ತಾನೆ, ಅಷ್ಟರಲ್ಲೇ ಕೆಲಸ ಆಗಿಬಿಡುತ್ತದೆ. ಕಂಡಕ್ಟರು ಫುಟ್‌ಬೋರ್ಡಿನಿಂದ ಕೂಗಿದ್ದನ್ನು ಹೊಟೇಲಿನವನು ಹಿಡಿದ, ಹೊಟೇಲಿನವನದನ್ನು ಬಳೆಗಾರ ಹಿಡಿದ, ಬಳೆಗಾರ ಹೊಕ್ಕ ಮನೆಗಳಿಗೆ ಲೆಕ್ಕವಿಲ್ಲ. ನಾನು ದಿನಗಟ್ಟಲೆ ಬರೆದು, ಅಚ್ಚು ಹಾಕಿಸಿ, ತಿರುಗಿ ಮಾಡಲಾಗದ್ದನ್ನು ಕಾಕಿಯ ಮೂರು ಮಾತು ಮಧ್ಯಾಹ್ನದೊಳಗೆ ಮಾಡಿ ಮುಗಿಸಿದವು.

ಮಂದಿ ಬಂದರು. ಎಂಥ ಮಂದಿ! ಬಸ್ಸಿನಲ್ಲಿ, ಬಂಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಬಂದರು. ಭಜನೆಯವರು ತಾಳ ಹಿಡಿದೇ ಬಂದು ಅಂಗಳದಲ್ಲಿ ಕುಳಿತು ಶುರು ಮಾಡಿಬಿಟ್ಟರು. ಉತ್ಸಾಹಿಗಳು ಕೆಲವರು ನಮ್ಮನ್ನು ಕೇಳದೆಯೇ ಹೊಲಕ್ಕೆ ಹೋಗಿ ಹೂಳಲು ಕುಣಿ ತೋಡಿ, ಕೈಕಾಲು ತೊಳೆದು ಬಂದರು. ಕುರ್ಚಿಯ ಮೇಲೆ ಎತ್ತಿನ ಪಕ್ಕದ ಆ ಫೋಟೋ ಇಟ್ಟು ದೀಪ ಹಚ್ಚಿದರು. "ಹೆಣ ಎಲ್ಲಿ ಅದರಿ?" ಎಂದು ಪ್ರತಿಯೊಬ್ಬರೂ ನನ್ನನ್ನೇ ಕೇಳುತ್ತಿದ್ದರು. "ದಾರ್ಯಾಗ ಅದರಿ, ಬರ್ತದ" ಎನ್ನುತ್ತಿದ್ದೆ. ಅದೊಂದು ಸುಳ್ಳಾಗದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಜಮಾದಾರರೂ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ನಾ ಆವತ್ತೇ ಹೇಳಿದ್ನಲ್ರಿ ಮಾಸ್ತರ" ಎಂದು ಸಮಾಧಾನ ಮಾಡಿದರು.

ಒಳಗಿನ ಪಾಡು ಇನ್ನೂ ಕಷ್ಟ. ಹೆಂಗಸರು ಕಾಕಿಯ ಸುತ್ತ ಕುಳಿತು ಅವಳ ಹಣೆಯ ಕುಂಕುಮವನ್ನೂ ಕೈಬಳೆಯನ್ನೂ ನೋಡುತ್ತಿದ್ದರು. ಹಿರಿಯಳೊಬ್ಬಳು, "ಎಷ್ಟೊತ್ತು ಕುಂದ್ರಸ್ತೀರಿ, ಬಳಿ ತಗೀರಿ" ಎಂದು ಕೈಹಿಡಿಯಲು ಹೋದಳು. "ಮುಖ ನೋಡೂ ತನಕ ನನ್ನ ಬಳಿ ಯಾರೂ ಮುಟ್ಟಬ್ಯಾಡ್ರಿ" ಎಂದು ಕಾಕಿ ಕೈ ಹಿಂದಕ್ಕೆ ಎಳೆದುಕೊಂಡಳು. ಹೊತ್ತು ಇಳಿಯುತ್ತಿತ್ತು. ಬಂದವರು ತಮ್ಮ ಮನೆಯಲ್ಲಿ ಕಾಕಾ ಏನು ಉಂಡರು, ಯಾವ ಬಸ್ಸಿಗೆ ಹೋದರು ಎಂದು ಹೇಳಿಕೊಂಡು ಅಳುತ್ತಿದ್ದರು. ಯಾರ ಮಾತಿನಲ್ಲೂ ಕಾಕಾ ಈಗ ಎಲ್ಲಿದ್ದಾರೆಂಬುದು ಇರಲಿಲ್ಲ. ಸುಳ್ಳು ಹೇಳಿದ್ದಕ್ಕೆ ಅದು ನಿಜವಾಗಿಬಿಟ್ಟಿತೋ ಏನೋ ಎಂದು ನಾನು ಮನೆಗೂ ದಾರಿಗೂ ಅಲೆದಾಡತೊಡಗಿದೆ. ಕಾಕಿ ಬಾಗಿಲ ಕಡೆ ನೋಡುವುದನ್ನೇ ಬಿಟ್ಟಿದ್ದಳು.

ಆಗ ಗೊಬ್ಬೂರಿನ ಟೆಂಪೋ ಬಂದು ನಿಂತಿತು. ಮೊದಲು ಇಳಿದ ಬಸಣ್ಣ ಎಂಬ ಒಕ್ಕಲಿಗ ಓಡಿ ಬಂದು ನನ್ನನ್ನು ಗೋಡೆಯ ಮರೆಗೆ ಎಳೆದ. "ಮಾಸ್ತರ, ಏನ್ ಮಾಡ್ಲಿ ಹೇಳ್ರಿ. ನಮ್ಮ ಮನ್ಯಾಗ ಉಣ್ಣಾಕ ಕುಂತಿದ್ರು. ಹಿಂಗ ಆಳಂದದ ಗುರುಪಾದಪ್ಪ ಹೋದ್ರಂತ ಸುದ್ದಿ ಬಂತು. ಕೇಳಿದವ್ರೇ ಕೈ ತೊಳಕೊಂಡ್ರು. ಕೇಳಿದ ಹೆಸರದ, ಮಣ್ಣಿಗೆ ಹೋಗ್ಲಿಲ್ಲಂದ್ರ ಹೆಂಗ, ನಡೀರಿ ಅಂದ್ರು. ಅವ್ರ ಮುಂದ ನಾ ಹೆಂಗ್ ಹೇಳ್ಲ್ರಿ, ಸತ್ತವ್ರು ನೀವೇ ಅಂತ?" ಎಂದ. ಅವನ ಹಿಂದೆ, ಟೆಂಪೋದಿಂದ ಇಬ್ಬರ ಭುಜ ಹಿಡಿದು ಇಳಿಯುತ್ತಿದ್ದವರು ಕಾಕಾ. ಕೈಯಲ್ಲಿ ಹೂವಿನ ಹಾರವಿತ್ತು.

ಭಜನೆ ನಿಂತಿತು. ಯಾವಳೋ ಒಬ್ಬಳು ಕಿಟಾರನೆ ಕಿರುಚಿದಳು. ಕಾಕಾ ಅದನ್ನು ದುಃಖವೆಂದೇ ತಿಳಿದು, ಟೊಪ್ಪಿಗೆ ತೆಗೆದು, ಮಂದಿಯ ನಡುವೆ ನಡೆದು ಕುರ್ಚಿಯ ಹತ್ತಿರ ಬಂದರು. ಫೋಟೋವನ್ನು ಬಗ್ಗಿ ನೋಡಿದರು. "ಎತ್ತು ಭಾಳ ಛಲೋ ಅದ" ಎಂದರು. ಹಾರ ಹಾಕಿ ಕೈಮುಗಿದರು. ನಗಬೇಕೋ ಅಳಬೇಕೋ ತಿಳಿಯದೆ ಅಷ್ಟೂ ಜನ ನಿಂತಿದ್ದರು. ಒಬ್ಬರೂ ಬಾಯಿಬಿಡಲಿಲ್ಲ. ಹಿರಿಯರಿಗೆ ಹೇಗೆ ಹೇಳುವುದು? ಅಷ್ಟರಲ್ಲಿ ಕಾಕಿ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು. ಕಾಕಾ ಅವಳನ್ನು ನೋಡಿದರು. ಹಣೆಯ ಕುಂಕುಮ ನೋಡಿದರು.

"ನಿಮ್ಮ ಮನಿಯವ್ರು ಬಂದಿಲ್ಲೇನವಾ?" ಎಂದು ಕೇಳಿದರು.

"ಬಂದಾರ್ರಿ" ಎಂದಳು ಕಾಕಿ. "ಈಗ ಬಂದ್ರು."

ಅಷ್ಟು ಹೇಳಿ ಒಳಗೆ ಹೋಗಿ ಒಲೆ ಹೊತ್ತಿಸಿದಳು. ಇಷ್ಟು ಮಂದಿ ಬಂದಿದ್ದಾರೆ, ಬರಿಹೊಟ್ಟೆಯಲ್ಲಿ ಹೋಗಬಾರದು ಎಂದು ಹೆಂಗಸರನ್ನು ಗದರಿಸಿ ಹಿಟ್ಟು ನಾದಲು ಹಚ್ಚಿದಳು. ತೋಡಿದ ಕುಣಿ ಖಾಲಿ ಬಿಡಬಾರದೆಂದು ಹಿರಿಯರು ಅದರಲ್ಲಿ ಒಂದು ಬಾಳೆಕಂದು ಇಟ್ಟು ಮಣ್ಣು ಮುಚ್ಚಿ ಬಂದರು. ಕಾಕಾ ಆ ಮಣ್ಣಿಗೂ ಹೋಗಿ ಒಂದು ಹಿಡಿ ಹಾಕಿದರು. ನಾನು ಮೊದಲೇ ಹೇಳಿದ್ದ ಹಾಗೆ, ಸುದ್ದಿಯನ್ನು ಹಿಂದಕ್ಕೆ ಕರೆಯಲು ಯಾರಿಂದಲೂ ಆಗಲಿಲ್ಲ. ಎಷ್ಟೋ ವಾರ ದೂರದ ಊರಿನವರು ಒಬ್ಬೊಬ್ಬರಾಗಿ ಬರುತ್ತಲೇ ಇದ್ದರು. ಕಟ್ಟೆಯ ಮೇಲೆ ಕುಳಿತ ಕಾಕಾ, ಹೋಗುವವರನ್ನು ಯಾರಿಗೆ ತಡೆಯಲಾಗುತ್ತದೆ ಎಂದು ಅವರಿಗೆ ಸಮಾಧಾನ ಹೇಳುತ್ತಿದ್ದರು. ಆದರೆ ಅದು ಮುಂದಿನ ಮಾತು.

ಆ ಸಂಜೆ ಮಂದಿ ಚದುರಿದ ಮೇಲೆ ನಾನು ಅಂಗಳದ ಮೂಲೆಯಲ್ಲಿ ಕುಳಿತು ಅತ್ತೆ. ಸಿಕ್ಕರಲ್ಲ ಎಂಬ ಸಂತಸಕ್ಕೆ ಅತ್ತೆನೋ, ಬಂದವರಲ್ಲಿ ನಮ್ಮ ಕಾಕಾ ಎಷ್ಟು ಉಳಿದಿದ್ದಾರೆಂದು ಅತ್ತೆನೋ ಹೇಳಲಾರೆ. ಕಾಕಾ ಬಂದು ಪಕ್ಕದಲ್ಲಿ ಕುಳಿತರು. "ನೀವು ಸತ್ತವ್ರಿಗೆ ಏನಾಗ್ಬೇಕ್ರಿ?" ಎಂದರು. ಅಣ್ಣನ ಮಗ ಎಂದೆ. "ಹಂಗಾರ ಹತ್ತಿರದವ್ರು. ಉಂಡಿಲ್ಲ ಅನಸ್ತದ, ಏಳ್ರಿ" ಎಂದು ಒಳಗೆ ಕರೆದೊಯ್ದು, ಎದುರಿಗೆ ಕುಳಿತು, ರೊಟ್ಟಿ ಹಾಕಿಸಿ ಉಣ್ಣಿಸಿದರು. ಕೈ ತೊಳೆದ ಮೇಲೆ, "ಯಾವ ಊರಿಗೆ ಹೋಗ್ಬೇಕ್ರಿ?" ಎಂದು ಕೇಳಿದರು.

"ಎಲ್ಲಿಗೂ ಇಲ್ರಿ. ನನ್ನ ಮನಿ ಇದೇ ಅದ" ಎಂದೆ.

ಕಾಕಾ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣಿನಲ್ಲಿ ಕರುಣೆ ತುಂಬಿಕೊಂಡಿತು. "ಹೌದ್ರಿ, ಹೌದ್ರಿ" ಎಂದು ನನ್ನ ಕೈ ಹಿಡಿದು ಎಬ್ಬಿಸಿದರು. ಹಿರಿಯರು ಹಿಡಿದ ಕೈ ಕೊಡವಲಾಗದೆ ನಾನು ಅವರ ಜೊತೆ ಬಸ್ ಸ್ಟ್ಯಾಂಡಿನವರೆಗೆ ನಡೆದೆ. ಕಾಕಿ ಸೆರಗು ಬಾಯಿಗೆ ಹಿಡಿದುಕೊಂಡು ಹಿಂದೆಯೇ ಬಂದಳು. ನಿಂತಿದ್ದ ಬಸ್ಸಿಗೆ ನನ್ನನ್ನು ಹತ್ತಿಸಿ, ಕಾಕಾ ಕಂಡಕ್ಟರನ್ನು ಹತ್ತಿರ ಕರೆದು ದನಿ ತಗ್ಗಿಸಿ ಹೇಳಿದರು: "ಜರಾ ಸಂಭಾಳಿಸಿ ಇಳಸ್ರಿ. ಪಾಪ, ದಾರಿ ತಪ್ಪ್ಯಾರ. ಆದ್ರ ಅವ್ರಿಗೆ ಹೇಳಬ್ಯಾಡ್ರಿ."

ಕಂಡಕ್ಟರು ನಮ್ಮೂರಿನವನೇ, ನನ್ನ ಕೈಯಲ್ಲಿ ಕಲಿತವನು. ಅವನು ನನ್ನನ್ನೊಮ್ಮೆ, ಕಾಕಾನನ್ನೊಮ್ಮೆ ನೋಡಿದ. "ಆಗ್ಲಿರಿ" ಎಂದು ತಲೆಯಾಡಿಸಿ, ಮುಂದಿನ ಸೀಟಿನವನನ್ನು ಎಬ್ಬಿಸಿ, ನನ್ನನ್ನು ಮೆಲ್ಲಗೆ ಕೂರಿಸಿ, ಎಲ್ಲಿಗೆ ಎಂದೂ ಕೇಳದೆ ಸೀಟಿ ಊದಿದ.